ಗಂಗಾಳದ ಬೆನ್ನಿಗೆ ಒಂದು ಹನಿ

ಸೀಮೆಸುಣ್ಣದ ಹುಡಿ ಬಿಸಿಲ ಕೋಲಿನಲ್ಲಿ ಇಳಿಯುತ್ತಿದೆ, ಎಷ್ಟು ನಿಧಾನ, ಅವ್ವ ಜೋಳದ ಹಿಟ್ಟು ಜರಡಿ ಹಿಡಿದಾಗ ಹೀಗೆಯೇ ಇಳಿಯುತ್ತಿತ್ತು, ಮುಂಗೈ ರೋಮದ ಮೇಲೆಲ್ಲ ಬೆಳ್ಳಗೆ ಕೂತು — ಅಲ್ಲ, ಈಗ ಅವ್ವ ಬೇಡ, ಈಗ ಹೊಳೆ, ರಾಯವ್ವನ ಬಲಗೈ ಕರಿಹಲಗೆಯ ಮೇಲೆ ಘಟಪ್ರಭೆಯನ್ನು ಹರಿಸುತ್ತಿದೆ, ಎಡಕ್ಕೆ ಸಹ್ಯಾದ್ರಿಯ ಹಲ್ಲುಹಲ್ಲು ಗೆರೆ, ಅಲ್ಲಿಂದ ಹೊರಟಿತು ನೀರು, ದಡ್ಡಿಯ ಹತ್ತಿರ ಒಂದು ಡೊಂಕು, ಗೋಕಾಕದಲ್ಲಿ ನೀರು ಧುಮುಕುವ ದಬದಬೆಗೆ ಒಂದು ಕಡಿದಾದ ಗೆರೆ, ಮುಂದೆ ಮಸಗುಪ್ಪಿಯ ಕಡೆ ನೆಲ ಚಪ್ಪಟೆ, ಗೆರೆಗೂ ಸೋಮಾರಿತನ ಬಂತು, ಬಳುಕುತ್ತ ಬಳುಕುತ್ತ ಹೋಯಿತು, ಚೆಂದ ಬಂತು ಅಂದುಕೊಂಡಳು, ಬೆನ್ನ ಹಿಂದೆ ಹುಕ್ಕೇರಿ ಹೆಣ್ಣುಮಕ್ಕಳ ಸಾಲೆಯ ಐದನೆಯ ಇಯತ್ತೆ, ಇಪ್ಪತ್ತೆಂಟು ಜಡೆಗಳು, ಅವುಗಳ ಹಿಂದೆ ಕುರ್ಚಿಯಲ್ಲಿ ಇನ್‌ಸ್ಪೆಕ್ಟರ್ ಅಣ್ಣಾಸಾಹೇಬರು, ತೊಡೆಯ ಮೇಲೆ ದಪ್ಪ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಮೇಜಿನ ಮೇಲೆ ಸ್ಟೋವು ಬುಸುಗುಡುತ್ತಿದೆ, ಅದರ ಮೇಲಿನ ಪಾತೇಲಿಯಲ್ಲಿ ನೀರು ಕಾಯುತ್ತಿದೆ, ಪಕ್ಕದಲ್ಲಿ ಅವ್ವನ ಊಟದ ಹಿತ್ತಾಳೆ ಗಂಗಾಳ ಬೋರಲು ಬಿದ್ದಿದೆ. ಅರ್ಧ ತಾಸಿನ ಪರೀಕ್ಷಾ ಪಾಠ, ವಿಷಯ ಭೂಗೋಳ, ನೀರಿನ ತಿರುಗಾಟ, ಇದು ಪಾಸಾದರೆ ಗೋಕಾಕದ ಕ್ರೈಸ್ತ ಸಭೆಯ ಸಾಲೆಯಲ್ಲಿ ಅವಳು ಕಾಯಂ, ಆಗದಿದ್ದರೆ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವಳ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ, ಇಲಾಖೆಯಿಂದ ಬಂದ ಕಾಗದದಲ್ಲಿ ಹಾಗೆಯೇ ಬರೆದಿತ್ತು, ಹನ್ನೊಂದು ವರ್ಷ ಕಲಿಸಿದ್ದಕ್ಕೆ ಒಂದು ಅರ್ಧ ತಾಸು. ಆಗಲಿ, ಬಂತಲ್ಲ, ಮುಗಿಯಿತಲ್ಲ ಹೊಳೆ, ಅಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು, ನೋಡಿದರೆ ಕೈ ತಾನೇ ಕೊನೆಯಲ್ಲಿ ಒಂದು ಸುತ್ತು ಹಾಕಿ ಮುಚ್ಚಿಬಿಟ್ಟಿದೆ, ಘಟಪ್ರಭೆ ಹೋಗಿ ಮೊಟ್ಟೆಯಂಥ ಒಂದು ಕೆರೆಗೆ ಬಿದ್ದಿದೆ, ಆ ಕೆರೆಗೆ ಹೊರದಾರಿಯೇ ಇಲ್ಲ.

ಅಯ್ಯೋ ಕೈಯೇ, ಏನು ಮಾಡಿದಿ, ಇದು ಘಟಪ್ರಭೆಯ ಕೊನೆಯಲ್ಲ, ಇದು ಯೊರ್ದಾನ್ ಹೊಳೆಯ ಕೊನೆ, ಅಪ್ಪನ ದೊಡ್ಡ ಬೈಬಲ್ಲಿನ ಹಿಂದಿನ ಹಾಳೆಯಲ್ಲಿದ್ದ ನಕ್ಷೆ, ಅಂಚು ಇಲಿ ಕಡಿದದ್ದು, ಮೇಲೆ ಒಂದು ಸಣ್ಣ ಸರೋವರ, ಅಲ್ಲಿಂದ ಇಳಿದು ಬಂದ ಹೊಳೆ, ಕೆಳಗೆ ಉಪ್ಪಿನ ಸಮುದ್ರ. ನಾಲ್ಕೋ ಐದೋ ವರ್ಷದವಳಿದ್ದಾಗ ಅಪ್ಪ ಹೊಳೆಪ್ಪ, ವಾರವೆಲ್ಲ ನೂಲಿನ ಗಿರಣಿಯಲ್ಲಿ ದುಡಿದು ಭಾನುವಾರ ಸಭೆಯಲ್ಲಿ ಓದಿ ಹೇಳುವ ಅಪ್ಪ, ಅಂಗಳದಲ್ಲಿ ಒಲೆಯ ಬೂದಿ ಹರಡಿ ಅವಳ ಬೆರಳು ಹಿಡಿದು ಮೊದಲು ಬರೆಸಿದ್ದೇ ಈ ಹೊಳೆ, ಅ ಆ ಇ ಈ ಆಮೇಲೆ. ದಿನವೂ ಕೊಡ ಹೊತ್ತು ಹೋಗುತ್ತಿದ್ದ ಹೊಳೆಗೂ ಒಂದು ನಕ್ಷೆ ಇರಬಹುದೆಂದು ರಾಯವ್ವನಿಗೆ ಹನ್ನೆರಡು ತುಂಬುವವರೆಗೆ ಹೊಳೆದೇ ಇರಲಿಲ್ಲ, ಕಾಗದದ ಮೇಲಿನದು ಹೊಳೆ, ಊರ ಮುಂದಿನದು ಬರೀ ನೀರು, ಹಾಗಿತ್ತು ಅವಳ ಭೂಗೋಳ. ಅಪ್ಪ ಬೂದಿಯಲ್ಲಿ ಮೊಟ್ಟೆ ಮುಚ್ಚಿಸಿ ಹೇಳುತ್ತಿದ್ದ, ಈ ಸಮುದ್ರಕ್ಕ ತಗೊಳ್ಳೂದು ಗೊತ್ತು, ಕೊಡೂದು ಗೊತ್ತಿಲ್ಲವಾ, ಅದಕ್ಕ ಅದರಾಗ ಒಂದು ಮೀನರ ಬದುಕೂದಿಲ್ಲ. ಅಷ್ಟಕ್ಕೆ ಪಾಠ ಮುಗಿಯಬೇಕು, ಆದರೆ ಒಲೆಯ ಮುಂದಿನಿಂದ ಅವ್ವನ ದನಿ, ನುಚ್ಚಿನ ಗಡಿಗೆಯ ಮೇಲಿನ ಗಂಗಾಳ ಎತ್ತುತ್ತ ಎತ್ತುತ್ತ — ಹಂಗಾರ ದಿನಾ ಬಂದ ನೀರು ದಿನಾ ಎಲ್ಲಿ ಹೊಕ್ಕೈತಿ? ಅಪ್ಪ ಅಂದ, ಅಲ್ಲೇ ಇರತೈತಿ. ಇದ್ರ ತುಂಬಿ ಹೊರಗ ಹರೀಬೇಕಲ್ಲ, ಹರೀದಿಲ್ಲ ಅಂತಿ, ಎಲ್ಲಿ ಹೊಕ್ಕೈತಿ ಮತ್ತ? ಅಪ್ಪನಿಗೆ ಸಿಟ್ಟು, ಅಡಗಿ ಕಡೆ ನೋಡು ನೀ. ಅವ್ವ ನಗುತ್ತ ಗಂಗಾಳವನ್ನು ಓರೆ ಹಿಡಿಯುತ್ತಿದ್ದಳು, ಅದರ ಬೆನ್ನಿಗೆ ಹಿಡಿದ ಹನಿಗಳೆಲ್ಲ ಅಂಚಿಗೆ ಓಡಿ ಬಂದು ಮತ್ತೆ ಗಡಿಗೆಯೊಳಗೇ ಬೀಳುವ ಹಾಗೆ, ಒಂದು ಹನಿಯನ್ನೂ ಒಲೆಗೆ ಬೀಳಗೊಡುತ್ತಿರಲಿಲ್ಲ, ಓರೆ ಹಿಡಿ ರಾಯವ್ವ, ಅದು ಅದರ ನೀರು, ಅದಕ್ಕ ಹೋಗ್ಲಿ. ಸಭೆಯ ಪುಸ್ತಕದಲ್ಲಿ ಅವಳ ಹೆಸರು ರಾಹೇಲ, ಅವ್ವನ ಬಾಯಿಗೆ ಅದು ಹತ್ತಲೇ ಇಲ್ಲ, ಊರಿಗೆಲ್ಲ ರಾಯವ್ವನೇ ಆದಳು.

ಅವ್ವ ಸಾತವ್ವ ಕ್ರೈಸ್ತಳಾಗಲಿಲ್ಲ. ಅಪ್ಪ ಆದ, ಹೊಳೆಯಲ್ಲೇ ಆದ, ಆ ಸಭೆಯಲ್ಲಿ ನೆತ್ತಿಗೆ ನಾಲ್ಕು ಹನಿ ಚಿಮುಕಿಸಿ ಮುಗಿಸುವ ಪದ್ಧತಿಯಿಲ್ಲ, ಎದೆಮಟ್ಟ ನೀರಿಗಿಳಿದು ಪಾದ್ರಿಗಳು ಹಿಂದಲೆಗೆ ಕೈಕೊಟ್ಟು ಪೂರ್ತಿ ಮುಳುಗಿಸಿ ಎಬ್ಬಿಸಬೇಕು, ಮುಳುಗಿದ್ದು ಸಾವು, ಎದ್ದದ್ದು ಜೀವ, ಹೊಸ ಹೆಸರು ಯಾವುದು ಇಡೋಣ ಅಂದರೆ ಅಪ್ಪ ಗಡ್ಡದ ನೀರು ಒರೆಸಿಕೊಂಡು, ಹೊಳಿಯಾಗ ಮುಳುಗಿ ಹೊಳಿಯಾಗ ಎದ್ದೇನ್ರಿ, ಹೊಳೆಪ್ಪಂತನ ಇರ್ಲಿ, ಅಂದನಂತೆ. ದಂಡೆಯ ಮೇಲೆ ಒಣ ಧೋತರ ಹಿಡಿದು ನಿಂತವಳು ಅವ್ವ. ಮುಂದೆ ಎಲ್ಲ ಭಾನುವಾರವೂ ಹಾಗೆಯೇ, ಸಭೆಯ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯುವುದು, ಒಳಗೆ ಹಾಡು ಎದ್ದರೆ ಹೊರಗಿನಿಂದ ತಾನೂ ದನಿಗೂಡಿಸುವುದು, ಒಳಗಿನವರಿಗಿಂತ ಗಟ್ಟಿ, ಒಳಗಿನವರಿಗಿಂತ ಸರಿ, ಕೀರ್ತನೆ ಮರೆತ ಹಿರಿಯರು ಬಾಗಿಲ ಕಡೆ ಕಿವಿ ಕೊಡುತ್ತಿದ್ದರು. ಯವ್ವಾ, ಎಲ್ಲಾ ಬರತೈತಿ ನಿನಗ, ಒಳಗ ಯಾಕ ಬರೂದಿಲ್ಲ ಬೇ? ಒಮ್ಮೆ ಕೇಳಿದ್ದಳು, ಎಣ್ಣೆ ಹಚ್ಚಿಸಿಕೊಳ್ಳುತ್ತ. ಅವ್ವನ ಬೆರಳು ನೆತ್ತಿಯ ಮೇಲೆ ನಿಂತಿತು. ನಿನ್ನ ಅಣ್ಣ ದಡ್ಡಿಯೊಳಗ ಹೊಳಿದಂಡಿಮ್ಯಾಗ ಮಣ್ಣಾಗ ಮಲಗ್ಯಾನವಾ, ಹತ್ತ ದಿನದ ಕೂಸು, ನಿಮ್ಮಪ್ಪ ಆಗಿನ್ನೂ ಈ ಕಡೆ ಬಂದಿದ್ದಿಲ್ಲ, ಅವಗ ಯಾರೂ ನೀರಾಗ ಮುಳಗಿಸಿಲ್ಲ ಎಬ್ಬಿಸಿಲ್ಲ, ನೀವಿಬ್ರೂ ಒಂದು ಕಡೆ ಆದ್ರಿ, ಅಂವ ಒಬ್ಬನ ಆ ಕಡೆ, ನಾನೂ ಈ ಕಡೆ ಬಂದ್ರ ಅವಗ ಯಾರು? ಆಮೇಲೆ ಬೆರಳು ಮತ್ತೆ ನಡೆಯಿತು, ಎಣ್ಣೆ ಕಿವಿಯ ಹಿಂದೆ ಇಳಿಯಿತು, ರಾಯವ್ವ ಮುಂದೆಂದೂ ಆ ಮಾತು ಕೇಳಲಿಲ್ಲ.

ಹೋದ ವರ್ಷ ಕಾರಹುಣ್ಣಿಮೆಗೆ ನಾಲ್ಕು ದಿನ ಮೊದಲು ಅವ್ವ ಹೋದಳು, ಮಧ್ಯಾಹ್ನ, ನುಚ್ಚು ಇಳಿಸಿ, ಗಂಗಾಳ ಮುಚ್ಚಿ, ಗೋಡೆಗೆ ಒರಗಿದವಳು ಒರಗಿದ ಹಾಗೇ. ಅಪ್ಪನ ಗೋರಿಯ ಬಾಜೂ ಆರು ಅಡಿ ಜಾಗ ಇತ್ತು, ಅಪ್ಪನೇ ಬಿಡಿಸಿಟ್ಟ ಜಾಗ, ಆದರೆ ದೀಕ್ಷಾಸ್ನಾನ ಆಗದವರಿಗೆ ಸಭೆಯ ಗೋಡೆಯೊಳಗೆ ಮಣ್ಣಿಲ್ಲ. ಪಾದ್ರಿಗಳು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು, ಬಯ್ದು ಹಗುರಾಗಬಹುದಿತ್ತು, ಅವರು ಕಣ್ಣೊರೆಸಿಕೊಳ್ಳುತ್ತ, ನನ್ನ ಕೈಯಾಗಿಲ್ಲವಾ, ಆಕಿ ಹಾಡು ನಾ ಮರಿಯೂದಿಲ್ಲ, ಅಂದರು, ಟೋಪಿ ಕೈಯಲ್ಲಿ ಹಿಡಿದು ಚಕ್ಕಡಿಯ ಹಿಂದೆ ಊರ ಗಡಿಯವರೆಗೆ ನಡೆದು ಬಂದರು. ದಡ್ಡಿಯಲ್ಲಿ ಸೋದರಮಾವ ಕರೆಪ್ಪ ಕೂಸಿನ ಬಾಜೂಕ್ಕೇ ತೋಡಿಸಿದ್ದ, ಅವ್ವನಿಗೆ ಬೇಕಾದದ್ದೂ ಅದೇ ಇರಬಹುದು, ಬೇವಿನ ಗಿಡ, ಕೆಳಗೆ ಹೊಳೆಯ ಡೊಂಕು, ತಣ್ಣಗಿತ್ತು ಜಾಗ. ಎರಡು ತಿಂಗಳೂ ಆಗಲಿಲ್ಲ, ಶ್ರಾವಣದಲ್ಲಿ ಹೊಳೆ ಏರಿತು, ಗೋಕಾಕದಲ್ಲಿ ನೀರು ಕೆಂಪಗೆ, ಕುಂಕುಮ ಕದಡಿದ ಹಾಗೆ, ರಾಯವ್ವ ಕೊಡ ತುಂಬಿ ಬೈಯುತ್ತ ತಂದಳು, ಏನು ಹೊಲಸು ನೀರವಾ ಇದು, ಪಟಿಕ ತಿರುವಿ ತಿಳಿಗೊಳಿಸಿ ಮೇಲಿನ ನೀರು ಕುಡಿದಳು, ತಳದಲ್ಲಿ ನಿಂತ ಎರಡು ಬೆರಳು ಕೆಸರನ್ನು ಕರಿಬೇವಿನ ಬುಡಕ್ಕೆ ಚೆಲ್ಲಿದಳು. ಎಂಟು ದಿನಕ್ಕೆ ಕರೆಪ್ಪ ಮಾವ ಬಂದ, ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ, ತಲೆಯ ಪಟಗ ಬಿಚ್ಚಿ ಮೊಣಕಾಲ ಮೇಲಿಟ್ಟ, ದಂಡಿ ಕುಸದು ಹೋತವಾ ರಾಯವ್ವ, ಬೇವಿನ ಗಿಡ ಸುದ್ದಾ ಹೋತು, ಮಂಗಳವಾರ ಮುಂಜಾನೆ. ಮಂಗಳವಾರ. ಆ ಕೊಡ ಬುಧವಾರದ್ದು, ದಡ್ಡಿಯಿಂದ ಗೋಕಾಕಕ್ಕೆ ನೀರಿಗೆ ಎಷ್ಟು ಹೊತ್ತು, ಯಾರಾದರೂ ಲೆಕ್ಕ ಹಾಕಿದ್ದಾರೆಯೇ, ಅವಳು ಹಾಕಿದ್ದಾಳೆ, ಬಾರಿ ಬಾರಿ ಹಾಕಿದ್ದಾಳೆ, ಮನೆಯ ಮುಂದೆಯೇ ಅವ್ವ ಹಾದು ಹೋಗುವಾಗ ಮಗಳು ದಂಡೆಯಲ್ಲಿ ನಿಂತು ಹೊಲಸು ಅಂದಿದ್ದಳು. ಕರಿಬೇವು ಈ ವರ್ಷ ಎಂದಿಲ್ಲದ ಹಾಗೆ ಚಿಗುರಿದೆ, ಒಗ್ಗರಣೆಗೆ ಎಲೆ ಕೀಳಲು ಕೈ ಏಳುವುದಿಲ್ಲ.

ಅವತ್ತಿನಿಂದ ಎದೆಯಲ್ಲಿ ಒಂದೇ ಮಾತು ಕೊರೆಯುತ್ತದೆ, ಮುಳುಗಿದಳು, ಸರಿ, ಪಾದ್ರಿ ಇಲ್ಲದೆ, ಪ್ರಾರ್ಥನೆ ಇಲ್ಲದೆ, ಕೂಸನ್ನು ಬಗಲಲ್ಲಿಟ್ಟುಕೊಂಡೇ ಮುಳುಗಿದಳು, ಆದರೆ ಎದ್ದಳೇ? ಮುಳುಗಿಸಿದ ಹೊಳೆ ಎಬ್ಬಿಸಿತೇ? ಇದನ್ನು ಪಾದ್ರಿಗಳ ಹತ್ತಿರ ಕೇಳಲು ಬಾರದು, ಸುಂದ್ರವ್ವ ಅಕ್ಕೋರ ಹತ್ತಿರವೂ ಬಾಯಿಬಿಟ್ಟು ಕೇಳಲಿಲ್ಲ, ಭೂಗೋಳದ ನೆವದಲ್ಲಿ ಕೇಳಿದಳು. ಸುಂದ್ರವ್ವ ಅಕ್ಕೋರು ಅವಳಿಗೇ ಕಲಿಸಿದವರು, ಈಗ ಅರವತ್ತು ದಾಟಿದೆ, ಒಂದು ಕಣ್ಣು ಮಸುಕು, ಪರೀಕ್ಷೆಯ ಪಾಠ ಸಿದ್ಧ ಮಾಡಿಸಿದ್ದೂ ಅವರೇ, ದಿನವೂ ಮುಂಜಾನೆ ಸಾಲೆಗೆ ಮೊದಲು ಒಂದು ತಾಸು, ಹೊಸದಾಗಿ ಆದ ಕನ್ನಡ ರಾಜ್ಯದ ಹೊಸ ಪುಸ್ತಕ, ಬಾಷ್ಪೀಭವನ ಎಂಬ ಮಾತು ಓದಿ ಇಬ್ಬರೂ ನಕ್ಕಿದ್ದು, ಬಾಯಾಗ ಗೋಟಡಕಿ ಇಟ್ಟಂಗ ಐತಲ್ಲವಾ ಇದು. ಚಿಕ್ಕಂದಿನಲ್ಲಿ ಅವರೇ ಹುಡುಗಿಯರನ್ನೆಲ್ಲ ದಬದಬೆಯ ತಲೆಯ ಮೇಲಿನ ಬಂಡೆಗೆ ಬೇಸಿಗೆಯಲ್ಲಿ ಕರೆದುಕೊಂಡು ಹೋಗಿ, ಕಲ್ಲಿನ ಮೇಲಿನ ಬಳುಕು ಬಳುಕು ಗೆರೆಗಳ ಮೇಲೆ ಅಂಗೈ ಇಡಿಸಿದ್ದರು, ಇವು ತೆರಿ, ನೀರಿನ ತೆರಿ, ಎಂದೋ ಇಲ್ಲಿ ನೀರಿತ್ತು, ಉಸುಕು ಕಲ್ಲಾತು, ತೆರಿ ಹಂಗೇ ಉಳೀತು. ಮೊದಲಿಗೆ ಎಲ್ಲ ಕಡೆ ನೀರೇ ಇತ್ತು, ಆಮೇಲೆ ಒಣನೆಲ ಕಾಣಿಸಿತು ಎಂದು ಭಾನುವಾರ ಕೇಳಿದ್ದ ರಾಯವ್ವ, ಅಕ್ಕೋರ್ರೀ, ಎಷ್ಟ ದಿನದ ಕೆಳಗ್ರೀ, ಅಂದಿದ್ದಳು, ಪುಸ್ತಕದವರು ಕೋಟಿ ವರ್ಷ ಅಂತಾರ, ಅಕ್ಕೋರು ಅಂದರು, ಅಪ್ಪ ಆರು ದಿನಾ ಅಂತಾನ್ರೀ, ಅಕ್ಕೋರು ಸೆರಗಿನಿಂದ ಬೆವರು ಒರೆಸಿಕೊಂಡು, ದೇವರು ನಮ್ಮ ಗಿರಣಿ ಭೋಂಗಾ ಕೂಗೂದು ಕೇಳಿ ದಿನಾ ಶುರು ಮಾಡತಾನೇನ ಹುಚ್ಚಿ, ಅವನ ದಿನಾ ಅವಗ ಗೊತ್ತು, ನೀ ಕಲ್ಲು ನೋಡು, ಚಂದಂಗಿ ನೋಡು, ನೋಡೂದೂ ಪ್ರಾರ್ಥನಾನ. ಹೋದ ತಿಂಗಳು ಕೇಳಿದಳು, ಅಕ್ಕೋರ್ರೀ, ನಮ್ಮ ಹೊಳಿ ಕೃಷ್ಣಾ ಸೇರಿ ಮೂಡಣ ಸಮುದ್ರಕ್ಕ ಹೊಕ್ಕೈತಿ, ನಮ್ಮ ಮಳಿ ಪಡುವಣ ಸಮುದ್ರದಿಂದ ಬರತೈತಿ, ಹೋದದ್ದು ತಿರುಗಿ ನಮ್ಮಲ್ಲಿಗೇ ಬಂತಂತ ಹೆಂಗ್ ಹೇಳೂದ್ರಿ? ಮಸುಕಿಲ್ಲದ ಕಣ್ಣಿನಿಂದ ಅಕ್ಕೋರು ಅವಳನ್ನೇ ನೋಡಿದರು, ಪಾಠದ ಪ್ರಶ್ನೆ ಅಲ್ಲವೆಂದು ಗೊತ್ತಾಗಿತ್ತೇನೋ, ಸಮುದ್ರಕ್ಕ ಗ್ವಾಡಿ ಕಟ್ಟಿಲ್ಲ ರಾಯವ್ವ, ಅಂದರು, ಒಳಗಿಂದೆಲ್ಲಾ ಒಂದ ಐತಿ. ಆದರೆ ಪುಸ್ತಕದಲ್ಲಿ ಇನ್ನೊಂದು ಸಾಲು ಇದೆಯಲ್ಲ, ಏಳುವುದು ನೀರು ಮಾತ್ರ, ಮಣ್ಣು ಉಪ್ಪು ಕೆಳಗೇ ಉಳಿಯುತ್ತವೆ, ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟು ಮುಂಜಾನೆ ಕೂತಿಲ್ಲ ಅವಳು, ಮನುಷ್ಯನನ್ನು ಮಣ್ಣಿನಿಂದ ಮಾಡಿದ್ದು ಅಂತ ಅಪ್ಪ ಓದುತ್ತಿದ್ದ, ಹಾಗಾದರೆ ಅವ್ವ ಪೂರಾ ಕೆಳಗೇ ಉಳಿದಳೇ, ಕೊಡದ ತಳದಲ್ಲಿ, ಕರಿಬೇವಿನ ಬುಡದಲ್ಲಿ, ಅವ್ವನಲ್ಲಿ ಮಣ್ಣೆಷ್ಟು, ನೀರೆಷ್ಟು?

ಕಿಸಕ್ಕನೆ ಒಂದು ನಗು, ಅದುಮಿದ್ದು. ಎಷ್ಟು ಹೊತ್ತಾಯಿತು ನಿಂತು, ಸೀಮೆಸುಣ್ಣದ ಹುಡಿ ಇನ್ನೂ ಇಳಿಯುತ್ತಲೇ ಇದೆ, ಹಾಗಾದರೆ ಬಹಳ ಹೊತ್ತೇನಲ್ಲ, ಪಾತೇಲಿಯ ನೀರು ಸಣ್ಣಗೆ ಗುನುಗುತ್ತಿದೆ, ಎರಡನೆಯ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಿದ್ದಾಳೆ, ಬಾಳವ್ವ, ಪಾಠದ ಮೊದಲು ಹೆಸರು ಕೇಳಿದಾಗ ಮಸಗುಪ್ಪಿಯವಳು, ಸಾಲೆಗೆಂದು ಇಲ್ಲಿ ಅತ್ತೆಯ ಮನೆಯಲ್ಲಿದ್ದೇನೆ ಅಂದವಳು, ಅಕ್ಕೋರ್ರೀ, ನಮ್ಮ ಊರ ಮುಂದ ಹೊಳಿ ಐತ್ರಿ, ಆದ್ರ ಕೆರಿ ಇಲ್ರಿ, ಹೊಳಿ ಹಂಗೇ ಮುಂದ ಹೊಕ್ಕೈತ್ರಿ. ಹಿಂದಿನ ಕುರ್ಚಿ ಕಿರುಗುಟ್ಟಿತು, ಪೆನ್ಸಿಲ್ಲು ಕಿವಿಯಿಂದ ಇಳಿಯಿತು, ಅಕ್ಕೋರ, ಹುಡುಗಿ ಹೇಳೂದು ಕೇಳಿಸ್ತೇನ್ರಿ? ಕೇಳಿಸಿತು ಸಾಹೇಬರೇ, ಹನ್ನೊಂದು ವರ್ಷ ಒಂದು ಕೆರೆಯಲ್ಲಿ ಮುಳುಗುತ್ತಿರುವುದೂ ಕೇಳಿಸುತ್ತಿದೆ, ಅಳಿಸಿಬಿಡು, ಬಟ್ಟೆ ಎಲ್ಲಿ, ಬೇಗ ಅಳಿಸು, ಮರೆತೆನೆಂದು ಹೇಳು, ಬಸ್ಸಿನ ಆಯಾಸವೆಂದು ಹೇಳು, ಮುಂಜಾನೆ ಬಸ್ಸಿನಲ್ಲಿ ಸ್ಟೋವು ಪಾತೇಲಿ ಗಂಗಾಳ ನೋಡಿ ಕಂಡಕ್ಟರು, ಹುಕ್ಕೇರ್ಯಾಗ ಖಾನಾವಳಿ ಇಡಾಕ ಹೊಂಟೀರೇನ್ರಿ ಅಕ್ಕೋರ, ಅಂದಾಗ ಎಷ್ಟು ನಕ್ಕಿದ್ದಳು, ಬಟ್ಟೆ ಸಿಕ್ಕಿತು, ಕೈ ಕೆರೆಯ ಮೇಲೆ ಹೋಯಿತು, ಅಲ್ಲಿಯೇ ನಿಂತಿತು — ದಿನಾ ಬಂದ ನೀರು ದಿನಾ ಎಲ್ಲಿ ಹೊಕ್ಕೈತಿ? ಒಲೆಯ ಮುಂದಿನ ಆ ದನಿ, ಇಷ್ಟು ಹತ್ತಿರ, ತುಂಬಿ ಹೊರಗ ಹರೀಬೇಕಲ್ಲ, ಹರೀದಿಲ್ಲ ಅಂತಿ. ಅಪ್ಪನಿಗೆ ಗೊತ್ತಿರಲಿಲ್ಲ, ಅಕ್ಷರ ಬರದ ಅವ್ವ ಒಲೆಯ ಮುಂದೆ ಕೂತು ಇಡೀ ಪಾಠವನ್ನೇ ಕೇಳಿದ್ದಳು, ಉತ್ತರ ಅವಳ ಕೈಯಲ್ಲೇ ಇತ್ತು, ಓರೆ ಹಿಡಿದ ಗಂಗಾಳದಲ್ಲಿ.

ಬಾಳವ್ವ ಹೇಳಿದ್ದು ಖರೆ, ನಾ ತಪ್ಪು ಬರದೆ, ಅಂದಳು ರಾಯವ್ವ, ಕೆರೆಯ ಬಲಗೋಡೆಯನ್ನು ಬೆರಳಿನಿಂದ ಒರೆಸಿ ಬಾಯಿ ಬಿಡಿಸಿದಳು, ಹೊಳೆ ಹೊರಗೆ ಬಿತ್ತು, ಕೃಷ್ಣೆಯವರೆಗೆ ಎಳೆದಳು, ಅಲ್ಲಿಂದ ಸಮುದ್ರದವರೆಗೆ, ನಮ್ಮ ಹೊಳಿ ಇಷ್ಟ ದೂರ ಹೊಕ್ಕೈತಿ, ಆದ್ರ ದೂರದೊಂದು ದೇಶದಾಗ ಒಂದು ಹೊಳಿ ಐತಿ, ಅದು ಖರೇನ ಇಂಥಾ ಕೆರಿಗೆ ಬೀಳತೈತಿ, ನಾ ಸಣ್ಣಾಕಿದ್ದಾಗ ಮೊದಲು ಕಲಿತದ್ದು ಅದ, ಕೈಗೆ ಅದ ರೂಢಿ, ಆ ಕೆರಿಗೆ ಹೊರಗ ಹೋಗೂ ದಾರಿ ಇಲ್ಲ, ದಿನಾ ನೀರು ಬರತೈತಿ, ಆದ್ರ ತುಂಬಿ ಚೆಲ್ಲೂದಿಲ್ಲ, ಹಂಗಾರ ನೀರು ಎಲ್ಲಿ ಹೊಕ್ಕೈತಿ, ಯಾರು ಹೇಳ್ತೀರಿ? ಜಡೆಗಳು ಒಂದನ್ನೊಂದು ನೋಡಿಕೊಂಡವು. ನೆಲ ಕುಡೀತೈತ್ರಿ. ದನಾ ಕುಡೀತಾವ್ರಿ. ಬಾಳವ್ವ ಇನ್ನೂ ನಿಂತೇ ಇದ್ದಳು, ತುಟಿ ಕಚ್ಚಿಕೊಂಡು, ಮೇಜಿನ ಮೇಲಿನ ಪಾತೇಲಿಯನ್ನು ನೋಡುತ್ತ, ಮ್ಯಾಲ, ಅಂದಳು, ಮ್ಯಾಲ ಹೊಕ್ಕೈತೇನ್ರಿ? ಬರ್ರಿ ಇಲ್ಲಿ, ಎಲ್ಲಾರೂ ಬರ್ರಿ, ಸುತ್ತ ನಿಂದರ್ರಿ, ಇಪ್ಪತ್ತೆಂಟು ಜಡೆಗಳು ಗದ್ದಲದಲ್ಲಿ ಮೇಜಿಗೆ ಮುತ್ತಿದವು, ಅವುಗಳ ಹಿಂದೆ ಒಂದು ಬಿಳಿ ಟೋಪಿ, ಸಾಹೇಬರು ಯಾವಾಗ ಎದ್ದು ಬಂದರು, ದಪ್ಪ ಪುಸ್ತಕ ಕುರ್ಚಿಯ ಮೇಲೇ ಉಳಿದಿದೆ, ಪೆನ್ಸಿಲ್ಲು ಅದರ ಮೇಲೆ, ಸ್ವಲ್ಪ ಸರೀರೆವಾ, ನನಗೂ ಕಾಣಬೇಕಲ್ಲ, ಅನ್ನುತ್ತಿದ್ದಾರೆ, ರಾಯವ್ವ ಗಂಗಾಳ ಎತ್ತಿದಳು, ಅವ್ವನ ಗಂಗಾಳ, ಬೆಳಗಿ ಬೆಳಗಿ ನಡು ತೆಳುವಾದದ್ದು, ತಣ್ಣಗಿದೆ, ಆವಿಯ ಮೇಲೆ ಹಿಡಿದಳು, ಬೆರಳಿಗೆ ಬಿಸಿ, ಆವಿಯಲ್ಲಿ ನುಚ್ಚಿನ ವಾಸನೆ ಇಲ್ಲ, ಇದ್ದ ಹಾಗಿದೆ, ಅವ್ವನ ಬೆವರು ಹಣೆಯಿಂದ ಗದ್ದಕ್ಕೆ ಇಳಿದು ಅಲ್ಲೊಂದು ಹನಿ ನಿಲ್ಲುತ್ತಿತ್ತು, ಹಾಲು, ಬೆವರು, ಕರೆಪ್ಪ ಮಾವ ಬಂದಾಗೆಲ್ಲ ಕೂಸನ್ನು ನೆನೆದು ಸುರಿಸಿದ ಕಣ್ಣೀರು, ಹಾಡುವಾಗ ಒದ್ದೆಯಾಗುತ್ತಿದ್ದ ತುಟಿ, ಎಷ್ಟೊಂದು ನೀರಿತ್ತು ಅವ್ವನಲ್ಲಿ, ಮಣ್ಣು ಎಷ್ಟು ಮಹಾ ಇದ್ದೀತು, ಹಿಡಿಯಷ್ಟು, ಅದು ಕರಿಬೇವಿನ ಬುಡದಲ್ಲಿ ಇರಲಿ, ಮನೆಯಲ್ಲೇ ಇರಲಿ, ಉಳಿದದ್ದು ಎದ್ದಿದೆ, ಗೋಡೆಯಿಲ್ಲದ ಕಡೆಯಿಂದ ಎದ್ದಿದೆ, ಗಂಗಾಳದ ಬೆನ್ನು ಮಬ್ಬಾಯಿತು ನೋಡ್ರಿ, ಈಗ ಮುತ್ತು ಮುತ್ತು, ಸಣ್ಣವು ಒಂದಕ್ಕೊಂದು ಕೂಡಿ ದೊಡ್ಡವು, ಓರೆ ಹಿಡಿ ರಾಯವ್ವ, ಹಿಡಿತೇನಿ ಬೇ, ಒಂದು ಕ್ಷಣ ತಡಿ, ಹುಡುಗಿಯರ ಉಸಿರು ನಿಂತಿದೆ, ಸಾಹೇಬರ ಬಾಯಿ ತೆರೆದಿದೆ, ನಟ್ಟನಡುವೆ ಒಂದು ಹನಿ ದಪ್ಪಗಾಗುತ್ತಿದೆ, ದಿನಾ ಬಂದ ನೀರು ದಿನಾ ಎಲ್ಲಿ ಹೊಕ್ಕೈತಿ, ಇಲ್ಲಿ, ಯವ್ವಾ, ಇಲ್ಲಿ, ಹನಿಯೊಳಗೆ ಕಿಟಕಿ ತಲೆಕೆಳಗಾಗಿ ನಿಂತಿದೆ, ತೂಗುತ್ತಿದೆ ಹನಿ, ಬೀಳುತ್ತಿಲ್ಲ, ಗಂಗಾಳದ ಬೆನ್ನಿಗೆ ಒಂದು ಹನಿ —